ಡಾ. ಜಿ. ಎನ್. ರಾಮಚಂದ್ರನ್ (1922–2001): ಪ್ರೋಟೀನಿನ ರಚನೆಯನ್ನು ಅರಿತ ವಿಜ್ಞಾನಿ

ಪ್ರೋಟೀನುಗಳ ರಚನೆಯನ್ನು ಅಧ್ಯಯನ ಮಾಡುವ ವಿಜ್ಞಾನಿಗಳು ಪ್ರಪಂಚದ ಯಾವ ದೇಶದವರೇ ಆಗಿದ್ದರೂ, ತಮ್ಮ ಫಲಿತಾಂಶವನ್ನು ಪ್ರಕಟಿಸುವ ಮುನ್ನ ಅದನ್ನು ಒಂದು ನಕ್ಷೆಯೊಡನೆ ಹೋಲಿಸಿ ನೋಡುವುದು ರೂಢಿಯಲ್ಲಿದೆ. ಈ ನಕ್ಷೆಯನ್ನು ರಾಮಚಂದ್ರನ್ ನಕ್ಷೆ ಎಂದು ಕರೆಯಲಾಗುತ್ತದೆ. ಇದರ ಕರ್ತೃಗಳಲ್ಲಿ ಪ್ರಮುಖರಾದ ಡಾ. ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆಯನ್ನು ಆರಂಭಿಸಿ, ಮದರಾಸಿನಲ್ಲಿ ತಮ್ಮ ಬಹುಮುಖ್ಯ ಕಾರ್ಯವನ್ನು ನೆರವೇರಿಸಿ, ಪುನಃ ಬೆಂಗಳೂರಿಗೆ ಬಂದು ನೆಲೆಸಿದವರು. ಮೂಳೆ, ಚರ್ಮ ಮತ್ತು ರಕ್ತನಾಳಗಳಿಗೆ ಸಂಬಂಧಿಸಿದ ಹಲವು ವಂಶವಾಹಿ ರೋಗಗಳ ಕಾರಣವನ್ನು ವೈದ್ಯರು ಇಂದು ವಿವರಿಸಬಲ್ಲವರಾಗಿದ್ದಾರೆ ಎಂದಾದಲ್ಲಿ, ಅದರ ಹಿಂದೆ ಇವರು 1950ರ ದಶಕದಲ್ಲಿ ಮಾಡಿದ ಕೆಲಸವಿದೆ. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನ ಮತ್ತು ಸಾಧನೆಯ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ರಾಮಚಂದ್ರನ್ ಅವರು 1922ನೇ ಇಸವಿ ಅಕ್ಟೋಬರ್ 8ರಂದು ಆಗಿನ ಕೊಚ್ಚಿ ಸಂಸ್ಥಾನದ ಎರ್ನಾಕುಲಂನಲ್ಲಿ ಜನಿಸಿದರು. ತಂದೆ ನಾರಾಯಣ ಅಯ್ಯರ್ ಅವರು ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತಶಾಸ್ತ್ರದ ಅಧ್ಯಾಪಕರಾಗಿದ್ದು, ಮುಂದೆ ಅದೇ ಕಾಲೇಜಿನ ಪ್ರಾಂಶುಪಾಲರೂ ಆದರು. ತಾಯಿ ಲಕ್ಷ್ಮಿ ಅಮ್ಮಾಳ್. ಮನೆಯಲ್ಲಿ ಗಣಿತದ ವಾತಾವರಣವಿದ್ದುದರಿಂದ ಬಾಲಕನಿಗೆ ಲೆಕ್ಕದಲ್ಲಿ ಒಲವು ಸಹಜವಾಗಿಯೇ ಬಂದಿತು. ಮುಂದಿನ ಜೀವನದುದ್ದಕ್ಕೂ ಅವರು ಕೈಗೆತ್ತಿಕೊಂಡ ಪ್ರತಿಯೊಂದು ಸಮಸ್ಯೆಯಲ್ಲಿಯೂ ಈ ಗಣಿತದ ದೃಷ್ಟಿ ಕಂಡುಬರುತ್ತದೆ.

ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತವಿಜ್ಞಾನದ ಬಿ.ಎಸ್‌ಸಿ. ಆನರ್ಸ್ ಪದವಿ ಪಡೆದ ನಂತರ, 1942ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಸೇರಿದ್ದು ಭೌತವಿಜ್ಞಾನ ವಿಭಾಗಕ್ಕಲ್ಲ, ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ. ಆದರೆ ಅದೇ ಆವರಣದಲ್ಲಿ 1930ರ ನೊಬೆಲ್ ಪಾರಿತೋಷಕ ವಿಜೇತರಾದ ಸರ್ ಸಿ. ವಿ. ರಾಮನ್ ಅವರು ಭೌತವಿಜ್ಞಾನ ವಿಭಾಗವನ್ನು ನಡೆಸುತ್ತಿದ್ದರು. ತರುಣ ರಾಮಚಂದ್ರನ್ ಬಹುಬೇಗನೆ ಅವರ ಗಮನಕ್ಕೆ ಬಂದು, ವಿಭಾಗವನ್ನು ಬದಲಾಯಿಸಿಕೊಂಡು ರಾಮನ್ ಅವರ ಶಿಷ್ಯರಾದರು. ಸ್ಫಟಿಕಗಳ ಮೂಲಕ ಬೆಳಕು ಮತ್ತು ಕ್ಷ-ಕಿರಣಗಳು ಹಾಯುವ ರೀತಿ, ವಜ್ರದ ಒಳರಚನೆಯ ಕ್ಷ-ಕಿರಣ ಚಿತ್ರಣ ಮುಂತಾದ ವಿಷಯಗಳಲ್ಲಿ ಸಂಶೋಧನೆ ನಡೆಸಿ 1947ರಲ್ಲಿ ಡಿ.ಎಸ್‌ಸಿ. ಪದವಿಯನ್ನು ಪಡೆದರು. 1945ರಲ್ಲಿ ರಾಜಲಕ್ಷ್ಮಿ ಅವರೊಡನೆ ಅವರ ವಿವಾಹ ನೆರವೇರಿತು.

1947ರಿಂದ 1949ರವರೆಗೆ ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಡಬ್ಲ್ಯೂ. ಎ. ವೂಸ್ಟರ್ ಅವರೊಡನೆ ಕೆಲಸ ಮಾಡಿ ಪಿಎಚ್.ಡಿ. ಪದವಿಯನ್ನೂ ಗಳಿಸಿದರು. ನಂತರ ಬೆಂಗಳೂರಿಗೆ ಮರಳಿ ಸಹಾಯಕ ಪ್ರಾಧ್ಯಾಪಕರಾದರು. ಇಲ್ಲಿಯವರೆಗೆ ಅವರು ಅಧ್ಯಯನ ಮಾಡಿದುದೆಲ್ಲವೂ ನಿರ್ಜೀವ ಸ್ಫಟಿಕಗಳನ್ನು. ಜೀವಿಗಳ ಶರೀರಕ್ಕೂ ಅವರಿಗೂ ಸಂಬಂಧ ಏರ್ಪಟ್ಟಿದ್ದು ಮದರಾಸಿನಲ್ಲಿ.

ಮದರಾಸಿನ ವರ್ಷಗಳು

1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರು ಹೊಸದಾಗಿ ಭೌತವಿಜ್ಞಾನ ವಿಭಾಗವನ್ನು ಆರಂಭಿಸಲು ಉದ್ದೇಶಿಸಿ, ಅದರ ಹೊಣೆಯನ್ನು ವಹಿಸಿಕೊಳ್ಳುವಂತೆ ರಾಮನ್ ಅವರನ್ನು ಕೋರಿದರು. ರಾಮನ್ ತಾವು ಒಪ್ಪದೆ ತಮ್ಮ ಶಿಷ್ಯನ ಹೆಸರನ್ನು ಸೂಚಿಸಿದರು. ಹೀಗೆ ಮೂವತ್ತು ವರ್ಷ ತುಂಬುವ ವೇಳೆಗೆ ರಾಮಚಂದ್ರನ್ ಅವರು ಪ್ರಾಧ್ಯಾಪಕರೂ ವಿಭಾಗದ ಮುಖ್ಯಸ್ಥರೂ ಆದರು. ಪ್ರಯೋಗಾಲಯವನ್ನು ಮೊದಲಿನಿಂದ ಕಟ್ಟಬೇಕಾಗಿತ್ತು.

ಅದೇ ಸುಮಾರಿಗೆ ಹೆಸರಾಂತ ಬ್ರಿಟಿಷ್ ವಿಜ್ಞಾನಿ ಜೆ. ಡಿ. ಬರ್ನಾಲ್ ಅವರು ಮದರಾಸಿಗೆ ಭೇಟಿ ನೀಡಿದ್ದರು. ಕೊಲಾಜೆನ್ ಎಂಬ ಪ್ರೋಟೀನಿನ ರಚನೆಯ ಬಗ್ಗೆ ಅಲ್ಲಿಯವರೆಗೆ ಬಂದಿದ್ದ ಯಾವ ವಿವರಣೆಯೂ ತೃಪ್ತಿಕರವಾಗಿಲ್ಲವೆಂಬುದು ಅವರ ಅಭಿಪ್ರಾಯವಾಗಿತ್ತು. ರಾಮಚಂದ್ರನ್ ಅವರು ಈ ಮಾತನ್ನು ಹಿಡಿದು ಹೊರಟರು.

ಪ್ರೋಟೀನು ಎಂಬುದು ಅಮೈನೋ ಆಮ್ಲಗಳೆಂಬ ಸಣ್ಣ ಘಟಕಗಳು ಒಂದರ ನಂತರ ಒಂದು ಕೂಡಿಕೊಂಡು ಆದ ಉದ್ದನೆಯ ಸರಪಣಿ. ಘಟಕಗಳಲ್ಲಿ ಸಾಮಾನ್ಯವಾಗಿ ಇಪ್ಪತ್ತು ಬಗೆಗಳಿವೆ. ಸರಪಣಿಯು ತನಗೆ ತಕ್ಕ ರೀತಿಯಲ್ಲಿ ಸುತ್ತಿಕೊಂಡು ಅಥವಾ ಮಡಿಚಿಕೊಂಡು ನಿಂತಾಗ ಮಾತ್ರ ಪ್ರೋಟೀನು ತನ್ನ ಕೆಲಸವನ್ನು ಮಾಡಬಲ್ಲದು. ಬೀಗದ ಕೈ ತುಸು ಸೊಟ್ಟಗಾದರೂ ಬೀಗ ತೆರೆಯುವುದಿಲ್ಲವಷ್ಟೆ. ಕೊಲಾಜೆನ್ ನಮ್ಮ ಶರೀರದಲ್ಲಿ ಅತ್ಯಂತ ಹೆಚ್ಚಾಗಿರುವ ಪ್ರೋಟೀನು. ಒಟ್ಟು ಪ್ರೋಟೀನಿನ ಸುಮಾರು ಶೇಕಡಾ 25ರಿಂದ 30ರಷ್ಟು ಇದೇ ಆಗಿರುತ್ತದೆ. ಮೂಳೆ, ಚರ್ಮ, ಸ್ನಾಯುರಜ್ಜು, ಹಲ್ಲು, ರಕ್ತನಾಳಗಳ ಗೋಡೆ ಇವೆಲ್ಲಕ್ಕೂ ಬಲವನ್ನು ಕೊಡುವುದು ಇದು. ಚರ್ಮ ಮತ್ತು ಮೂಳೆಗಳನ್ನು ಕುದಿಸಿ ತಯಾರಿಸುವ ಸರೇಸು ಮತ್ತು ಜೆಲಾಟಿನ್ ಸಹ ಕೊಲಾಜೆನ್‌ನಿಂದ ಬಂದವೇ.

ರಚನೆಯನ್ನು ತಿಳಿಯಲು ಶುದ್ಧವಾದ, ಎಳೆಗಳು ಒಂದೇ ದಿಕ್ಕಿಗೆ ಹೊಂದಿಕೊಂಡಿರುವ ಮಾದರಿ ಅಗತ್ಯವಾಗಿತ್ತು. ಮದರಾಸಿನಲ್ಲೇ ಇದ್ದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಈ ವಿಷಯದಲ್ಲಿ ನೆರವಾಯಿತು. ಅಲ್ಲಿಂದ ದೊರೆತವುಗಳಲ್ಲಿ ಅತ್ಯುತ್ತಮವೆನಿಸಿದ್ದು ಕಾಂಗರೂವಿನ ಬಾಲದ ಸ್ನಾಯುರಜ್ಜು. ಕ್ಷ-ಕಿರಣವನ್ನು ಇದರ ಮೂಲಕ ಹಾಯಿಸಿದಾಗ ಛಾಯಾಚಿತ್ರದಲ್ಲಿ ಮೂಡುವುದು ಅಣುವಿನ ರೂಪವಲ್ಲ, ಕೆಲವು ಮಸುಕಾದ ಕಲೆಗಳು ಮಾತ್ರ. ಕಲೆಗಳ ನಡುವಣ ಅಂತರವನ್ನು ಅಳೆದು, ಅಣುವು ಹೇಗಿದ್ದರೆ ಇಂತಹ ಕಲೆಗಳು ಬೀಳಬಹುದೆಂದು ಹಿಮ್ಮುಖವಾಗಿ ಲೆಕ್ಕ ಹಾಕಬೇಕು. ಈ ಕೆಲಸದಲ್ಲಿ ಅವರಿಗೆ ಜೊತೆಯಾದವರು ಗೋಪಿನಾಥ್ ಕರ್ತಾ.

ಅವರು ಹಿಡಿದ ಸುಳಿವು ಬಹಳ ಸರಳವಾದುದಾಗಿತ್ತು. ರಾಸಾಯನಿಕ ವಿಶ್ಲೇಷಣೆಯ ಪ್ರಕಾರ ಕೊಲಾಜೆನ್‌ನಲ್ಲಿರುವ ಅಮೈನೋ ಆಮ್ಲಗಳ ಪೈಕಿ ಸುಮಾರು ಮೂರನೆಯ ಒಂದು ಭಾಗ ಗ್ಲೈಸೀನ್. ಲೆಕ್ಕ ಇಷ್ಟು ನಿಖರವಾಗಿ ಮೂರರಲ್ಲಿ ಒಂದು ಬರುವುದು ಆಕಸ್ಮಿಕವಾಗಿರಲಾರದು. ಸರಪಣಿಯಲ್ಲಿ ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸೀನ್ ಇರಲೇಬೇಕು ಎಂದು ಅವರು ತರ್ಕಿಸಿದರು. ಗ್ಲೈಸೀನ್ ಅಮೈನೋ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದು. ಉಳಿದವುಗಳಿಗೆ ಪಕ್ಕಕ್ಕೆ ಚಾಚಿಕೊಂಡ ಪರಮಾಣುಗಳ ಗುಂಪೊಂದು ಇದ್ದರೆ, ಇದಕ್ಕೆ ಆ ಜಾಗದಲ್ಲಿ ಇರುವುದು ಒಂದೇ ಒಂದು ಜಲಜನಕದ ಪರಮಾಣು. ಅಷ್ಟು ಚಿಕ್ಕದನ್ನು ಅಷ್ಟು ಕ್ರಮವಾಗಿ ಇರಿಸಬೇಕಾದ ಅಗತ್ಯ ಪ್ರಕೃತಿಗೆ ಏಕೆ ಬಂದಿತು? ಮೂರು ಸರಪಣಿಗಳು ಒತ್ತೊತ್ತಾಗಿ ಸೇರಿ ನಡುವೆ ಬಹಳ ಇಕ್ಕಟ್ಟಾದ ಜಾಗ ಉಂಟಾಗುವುದಾದರೆ ಮಾತ್ರ ಇದಕ್ಕೆ ಅರ್ಥವಿರುತ್ತದೆ.

1954ರ ಆಗಸ್ಟ್ ತಿಂಗಳಲ್ಲಿ ನೇಚರ್ ಪತ್ರಿಕೆಯಲ್ಲಿ ರಾಮಚಂದ್ರನ್ ಮತ್ತು ಕರ್ತಾ ಅವರ ಮೊದಲ ಲೇಖನ ಪ್ರಕಟವಾಯಿತು. ಕೊಲಾಜೆನ್ ಮೂರು ಸುರುಳಿಗಳು ಜೊತೆಗೂಡಿ ಆದ ರಚನೆ ಎಂಬುದು ಅದರ ಸಾರ. 1955ರಲ್ಲಿ ಇದನ್ನು ತಿದ್ದಿ, ಮೂರು ಎಳೆಗಳೂ ಒಂದರ ಸುತ್ತ ಒಂದು ತೆಂಗಿನ ನಾರಿನ ಹಗ್ಗದಂತೆ ಹುರಿಗೊಂಡಿವೆ ಎಂಬ ಅಂಶವನ್ನು ಸೇರಿಸಿದರು. ಚಂದ್ರನು ಭೂಮಿಯನ್ನು ಸುತ್ತುವಾಗ ತನ್ನ ಒಂದೇ ಮುಖವನ್ನು ಭೂಮಿಯ ಕಡೆಗೆ ಇರಿಸಿಕೊಂಡಿರುವಂತೆ, ಪ್ರತಿಯೊಂದು ಎಳೆಯೂ ಸುತ್ತುತ್ತ ಹೋದರೂ ಗ್ಲೈಸೀನ್ ಇರುವ ತನ್ನ ಪಾರ್ಶ್ವವನ್ನು ಸದಾ ಒಳಗಡೆಗೇ ತಿರುಗಿಸಿಕೊಂಡಿರುತ್ತದೆ. 1951ರಲ್ಲಿ ಅಮೆರಿಕದ ಲೈನಸ್ ಪೌಲಿಂಗ್ ಅವರಂತಹ ಮಹಾವಿಜ್ಞಾನಿಯೂ ಕೊಲಾಜೆನ್‌ಗೆ ಸೂಚಿಸಿದ್ದ ರಚನೆ ಸರಿಯಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಸ್ವಾತಂತ್ರ್ಯ ಬಂದು ಏಳೇ ವರ್ಷಗಳಾಗಿದ್ದ ದೇಶದ ಒಂದು ಹೊಸ ವಿಭಾಗದಿಂದ ಈ ಉತ್ತರ ಬಂದಿತ್ತು.

ಆಕ್ಷೇಪಣೆ ಮತ್ತು ನಕ್ಷೆ

ಕೆಲವೇ ವಾರಗಳಲ್ಲಿ ಅಲೆಕ್ಸಾಂಡರ್ ರಿಚ್ ಮತ್ತು ಡಿ.ಎನ್.ಎ. ರಚನೆಯಿಂದ ಅದಾಗಲೇ ಪ್ರಸಿದ್ಧರಾಗಿದ್ದ ಫ್ರಾನ್ಸಿಸ್ ಕ್ರಿಕ್ ಅವರ ಲೇಖನವೂ ನೇಚರ್ ಪತ್ರಿಕೆಯಲ್ಲೇ ಬಂದಿತು. ಮೂರೆಳೆಯ ಹುರಿ ಎಂಬ ಮೂಲ ಕಲ್ಪನೆಯಲ್ಲಿ ಅವರಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ಮದರಾಸಿನ ರಚನೆಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರಕ್ಕೆ ಬಂದಿವೆ ಎಂಬುದು ಅವರ ಆಕ್ಷೇಪಣೆಯಾಗಿತ್ತು. ಎಳೆಗಳನ್ನು ಹಿಡಿದಿಡುವ ಜಲಜನಕ ಬಂಧಗಳು ಪ್ರತಿ ಮೂರು ಘಟಕಗಳಿಗೆ ಎರಡು ಎಂದು ರಾಮಚಂದ್ರನ್ ಹೇಳಿದ್ದರೆ, ಒಂದು ಮಾತ್ರ ಎಂದು ರಿಚ್ ಮತ್ತು ಕ್ರಿಕ್ ವಾದಿಸಿದರು.

ಈ ವಿವಾದದಲ್ಲಿ ಯಾರಿಗೆ ಎಷ್ಟು ಮನ್ನಣೆ ಸಲ್ಲಬೇಕು ಎಂಬ ಬಗ್ಗೆ ಬಹಳ ಚರ್ಚೆ ನಡೆದಿದೆ. ಮೂರೆಳೆಯ ರಚನೆಯನ್ನು ಮೊದಲು ಕಂಡುಕೊಂಡ ಶ್ರೇಯಸ್ಸು ನಿಸ್ಸಂದೇಹವಾಗಿ ಮದರಾಸಿನದು. ನೇರ ಬಂಧಗಳ ಸಂಖ್ಯೆಯ ವಿಷಯದಲ್ಲಿ ಮಾತ್ರ ಕೇಂಬ್ರಿಡ್ಜ್‌ನವರ ಎಣಿಕೆಯೇ ಸರಿಯಾಗಿತ್ತು. 1968ರಲ್ಲಿ ರಾಮಚಂದ್ರನ್ ಅವರೇ ಎರಡನೆಯ ಬಂಧವು ನೇರವಾಗಿರದೆ ನೀರಿನ ಅಣುವೊಂದರ ಮೂಲಕ ಏರ್ಪಡುತ್ತದೆಂದು ತಮ್ಮ ನಿಲುವನ್ನು ಪರಿಷ್ಕರಿಸಿದರು. ಎರಡು ಲೆಕ್ಕಗಳನ್ನು ತಾಳೆ ನೋಡಿ ಇಬ್ಬರಿಗೂ ಸಲ್ಲಬೇಕಾದುದನ್ನು ಸಲ್ಲಿಸುವುದೇ ನ್ಯಾಯ. ಆದರೂ ಹಲವು ಪಾಶ್ಚಾತ್ಯ ಬರಹಗಳಲ್ಲಿ ಮದರಾಸಿನ ಪಾಲು ಬಹುಕಾಲ ಸಣ್ಣ ಅಕ್ಷರದಲ್ಲೇ ಉಳಿದಿತ್ತು.

ಆಕ್ಷೇಪಣೆಗೆ ರಾಮಚಂದ್ರನ್ ಉತ್ತರಿಸಿದ ಬಗೆ ಗಮನಾರ್ಹವಾದುದು. ಅವರು ವಾದಕ್ಕೆ ಇಳಿಯುವ ಬದಲು ಒಂದು ಮೂಲಭೂತ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಎರಡು ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರಕ್ಕೆ ಬರಬಹುದು? ಅಂದಿಗೆ ರಚನೆ ತಿಳಿದಿದ್ದ ಅಮೈನೋ ಆಮ್ಲಗಳ ಮತ್ತು ಸಣ್ಣ ಸರಪಣಿಗಳ ಸ್ಫಟಿಕಗಳ ಅಳತೆಗಳನ್ನೆಲ್ಲ ಒಟ್ಟುಗೂಡಿಸಿ, ಪ್ರತಿ ಜೋಡಿ ಪರಮಾಣುಗಳಿಗೂ ಕನಿಷ್ಠ ಅಂತರದ ಪಟ್ಟಿಯನ್ನು ತಯಾರಿಸಲಾಯಿತು. ಪ್ರೋಟೀನಿನ ಸರಪಣಿಯಲ್ಲಿ ಪ್ರತಿಯೊಂದು ಕೊಂಡಿಯ ಬಳಿ ತಿರುಗಲು ಮುಖ್ಯವಾಗಿ ಎರಡು ಕೋನಗಳಿಗೆ ಅವಕಾಶವಿದೆ; ಇವುಗಳನ್ನು ಫೈ ಮತ್ತು ಸೈ ಎಂಬ ಗ್ರೀಕ್ ಅಕ್ಷರಗಳಿಂದ ಸೂಚಿಸುತ್ತಾರೆ. ಯಾವ ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ತಾಗದೆ ಇರುತ್ತವೆ, ಯಾವುದರಲ್ಲಿ ತಾಗುತ್ತವೆ ಎಂಬುದನ್ನು ಮೇಜಿನ ಮೇಲಿನ ಲೆಕ್ಕಯಂತ್ರದ ನೆರವಿನಿಂದ ಒಂದೊಂದಾಗಿ ಗಣಿಸಲಾಯಿತು. ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರು ಈ ಕೆಲಸದ ಸಹಭಾಗಿಗಳು. 1963ರಲ್ಲಿ ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ ಪತ್ರಿಕೆಯಲ್ಲಿ ಮೂವರ ಹೆಸರಿನಲ್ಲಿ ಫಲಿತಾಂಶ ಪ್ರಕಟವಾಯಿತು.

ಚೌಕಾಕಾರದ ಒಂದು ನಕ್ಷೆ. ಅಡ್ಡಕ್ಕೆ ಒಂದು ಕೋನ, ಉದ್ದಕ್ಕೆ ಇನ್ನೊಂದು. ಗ್ಲೈಸೀನ್ ಹೊರತುಪಡಿಸಿ ಉಳಿದ ಅಮೈನೋ ಆಮ್ಲಗಳಿಗೆ ಈ ನಕ್ಷೆಯ ಹೆಚ್ಚಿನ ಭಾಗ ನಿಷಿದ್ಧ ಪ್ರದೇಶ. ಕೆಲವು ಸಣ್ಣ ದ್ವೀಪಗಳಲ್ಲಿ ಮಾತ್ರ ಅವುಗಳಿಗೆ ನೆಲೆ. ಈ ನಕ್ಷೆ ಸಿದ್ಧವಾಗುವ ವೇಳೆಗೆ ಪರಮಾಣುಗಳ ಮಟ್ಟದಲ್ಲಿ ರಚನೆ ತಿಳಿದಿದ್ದುದು ಮಯೋಗ್ಲೋಬಿನ್ ಎಂಬ ಪ್ರೋಟೀನಿನದು ಮಾತ್ರ. ನಂತರದ ಆರು ದಶಕಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳು ದಾಖಲಾಗಿದ್ದು, ಅವುಗಳಲ್ಲಿನ ಕೋನಗಳು ಬಹುತೇಕ ಆ ದ್ವೀಪಗಳಲ್ಲಿಯೇ ಬಂದು ಕುಳಿತಿವೆ. ಯಾವುದಾದರೂ ರಚನೆಯ ಹಲವು ಬಿಂದುಗಳು ನಿಷಿದ್ಧ ಪ್ರದೇಶದಲ್ಲಿ ಬಿದ್ದಲ್ಲಿ, ಲೆಕ್ಕದಲ್ಲಿ ಎಲ್ಲಿಯೋ ದೋಷವಿದೆಯೆಂದು ಪರಿಶೀಲಿಸಲಾಗುತ್ತದೆ. ಕಂಪ್ಯೂಟರುಗಳೇ ಪ್ರೋಟೀನಿನ ರೂಪವನ್ನು ಊಹಿಸುವ ಈ ಕಾಲದಲ್ಲಿಯೂ ತಪಾಸಣೆ ತಪ್ಪಿಲ್ಲ. ಒಂದು ಆಕ್ಷೇಪಣೆಗೆ ಬರೆದ ಸಮಜಾಯಿಷಿ ಇಡೀ ಶಾಸ್ತ್ರದ ನಿಯಮವಾದ ಉದಾಹರಣೆಗಳು ವಿರಳ.

ರೋಗದ ಮೂಲವನ್ನು ತೋರಿದ ರಚನೆ

ಇಂತಹ ಸೂಕ್ಷ್ಮ ವಿಚಾರಗಳಿಂದ ಜನಸಾಮಾನ್ಯರಿಗೆ ಏನು ಪ್ರಯೋಜನ ಎಂಬ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಉತ್ತರವಾಗಿ ಮೂಳೆ ಮುರಿಕೆಯ ಒಂದು ಹುಟ್ಟು ಕಾಯಿಲೆಯನ್ನು ಪರಿಗಣಿಸಬಹುದು.

ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ಈ ಕಾಯಿಲೆಯು ಸುಮಾರು 15,000ದಿಂದ 20,000 ಜನನಗಳಲ್ಲಿ ಒಂದು ಮಗುವಿಗೆ ಬರುತ್ತದೆ. ಎತ್ತಿಕೊಂಡಾಗ, ಬಟ್ಟೆ ತೊಡಿಸುವಾಗ, ಎಡವಿ ಬಿದ್ದಾಗ ಮೂಳೆ ಮುರಿಯುತ್ತದೆ. ಹಲವರಲ್ಲಿ ಕಣ್ಣಿನ ಬಿಳಿಯ ಭಾಗ ನೀಲಿ ಛಾಯೆಯನ್ನು ಹೊಂದಿರುತ್ತದೆ. ಮಗುವನ್ನು ಹೊಡೆದಿರಬಹುದೆಂದು ತಂದೆತಾಯಿಗಳ ಮೇಲೆ ಸಂಶಯ ಬಂದ ಪ್ರಸಂಗಗಳು ಅನೇಕ ದೇಶಗಳಲ್ಲಿ ನಡೆದಿವೆ. ಸುಣ್ಣದ ಅಂಶ ಕಡಿಮೆಯಾಗಿದೆಯೆಂದು ತಿಳಿದು ಕ್ಯಾಲ್ಸಿಯಂ ಕೊಟ್ಟರೆ ಇದು ಗುಣವಾಗುವುದಿಲ್ಲ. ಏಕೆಂದರೆ ಹೆಚ್ಚಿನ ಪ್ರಕರಣಗಳಲ್ಲಿ ದೋಷವಿರುವುದು ಸುಣ್ಣದಲ್ಲಲ್ಲ, ಅದನ್ನು ಹಿಡಿದಿಡುವ ಕೊಲಾಜೆನ್ ಹಗ್ಗದಲ್ಲಿ.

ಮೂಳೆಯಲ್ಲಿರುವ ಒಂದನೆಯ ಬಗೆಯ ಕೊಲಾಜೆನ್‌ನ ಪ್ರತಿ ಎಳೆಯ ಹುರಿಗೊಂಡ ಭಾಗದಲ್ಲಿ ಸಾವಿರಕ್ಕೂ ಮಿಕ್ಕಿ ಅಮೈನೋ ಆಮ್ಲಗಳಿದ್ದು, ಅವುಗಳಲ್ಲಿ 338 ಸ್ಥಾನಗಳು ಗ್ಲೈಸೀನ್‌ಗೆ ಮೀಸಲು. ಈ 338ರಲ್ಲಿ ಯಾವುದಾದರೂ ಒಂದು ಸ್ಥಾನಕ್ಕೆ ಗ್ಲೈಸೀನ್ ಬದಲು ದೊಡ್ಡದಾದ ಬೇರೊಂದು ಅಮೈನೋ ಆಮ್ಲ ಬಂದು ಕುಳಿತರೆ ಹುರಿಯ ನಡುವಿನ ಇಕ್ಕಟ್ಟಿನಲ್ಲಿ ಅದಕ್ಕೆ ಜಾಗವಿಲ್ಲ. ಹುರಿ ಅಲ್ಲಿ ಸಡಿಲವಾಗುತ್ತದೆ. 1986ರಲ್ಲಿ ಅಮೆರಿಕದ ಸಂಶೋಧಕರು ಈ ಕಾಯಿಲೆಯ ಮಾರಕ ರೂಪದಲ್ಲಿ ವಂಶವಾಹಿಯ ಒಂದೇ ಒಂದು ಅಕ್ಷರ ಬದಲಾಗಿ ಒಂದು ಗ್ಲೈಸೀನ್ ಜಾಗಕ್ಕೆ ಸಿಸ್ಟೀನ್ ಬಂದಿರುವುದನ್ನು ತೋರಿಸಿದರು. 1994ರಲ್ಲಿ ಇಂತಹದೇ ಒಂದು ಬದಲಾವಣೆಯನ್ನು ಬೇಕೆಂದೇ ಮಾಡಿದ ಸಣ್ಣ ಹುರಿಯ ಸ್ಫಟಿಕವನ್ನು ಕ್ಷ-ಕಿರಣದಿಂದ ಪರೀಕ್ಷಿಸಿದಾಗ, ಆ ಸ್ಥಳದಲ್ಲಿ ಎಳೆಗಳು ದೂರ ಸರಿದು ನಡುವೆ ನೀರಿನ ಅಣುಗಳು ಸೇರಿಕೊಂಡಿರುವುದು ಕಂಡಿತು. ಗ್ಲೈಸೀನ್ ಮಾತ್ರ ಹಿಡಿಸುವಷ್ಟು ಜಾಗ ಎಂದು ನಲವತ್ತು ವರ್ಷಗಳ ಹಿಂದೆ ಮದರಾಸಿನಲ್ಲಿ ಮಾಡಿದ್ದ ಲೆಕ್ಕ ಹೀಗೆ ಕಣ್ಣಿಗೆ ಕಾಣುವಂತಾಯಿತು. ನೇರ ಬಂಧ ಒಂದೇ ಎಂಬುದೂ, ನೀರಿನ ಅಣುಗಳಿಗೆ ಈ ರಚನೆಯಲ್ಲಿ ಪಾತ್ರವಿದೆ ಎಂಬುದೂ ಅದೇ ಚಿತ್ರದಿಂದ ಸ್ಪಷ್ಟವಾಯಿತು.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಗಮನಿಸಬೇಕು. ಈ ಕೊಲಾಜೆನ್‌ನ ಮೂರು ಎಳೆಗಳಲ್ಲಿ ಎರಡು ಒಂದೇ ಬಗೆಯವು. ಆ ಬಗೆಯ ಎಳೆಯನ್ನು ತಯಾರಿಸುವ ವಂಶವಾಹಿಯ ಎರಡು ಪ್ರತಿಗಳು, ತಂದೆಯಿಂದ ಒಂದು ತಾಯಿಯಿಂದ ಒಂದು, ಪ್ರತಿಯೊಬ್ಬರಲ್ಲಿಯೂ ಇರುತ್ತವೆ. ಒಂದು ಪ್ರತಿಯಲ್ಲಿ ದೋಷವಿದ್ದರೆ ಅರ್ಧದಷ್ಟು ಎಳೆಗಳು ದೋಷಯುಕ್ತವಾಗುತ್ತವೆ. ಎರಡೂ ಎಳೆಗಳು ಒಳ್ಳೆಯವೇ ಆಗಿ ಜೊತೆಗೂಡುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ. ಅಂದರೆ ಮುಕ್ಕಾಲು ಪಾಲು ಹುರಿಗಳು ಕೆಡುತ್ತವೆ. ಅದೇ ವಂಶವಾಹಿಯ ಆ ಪ್ರತಿ ಏನನ್ನೂ ತಯಾರಿಸದೆ ಸುಮ್ಮನಿದ್ದರೆ ಕೊಲಾಜೆನ್ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆಯಾದರೂ, ಇರುವುದೆಲ್ಲ ಒಳ್ಳೆಯದೇ ಆಗಿರುತ್ತದೆ. ಆದುದರಿಂದಲೇ ಅಂತಹ ಮಕ್ಕಳಲ್ಲಿ ಕಾಯಿಲೆ ಸಾಮಾನ್ಯವಾಗಿ ಸೌಮ್ಯ ಸ್ವರೂಪದ್ದಾಗಿರುತ್ತದೆ. ಕೊರತೆಗಿಂತ ಕಲಬೆರಕೆ ಹೆಚ್ಚು ಅಪಾಯಕಾರಿಯಾಗುವುದು ಏಕೆಂಬುದು ಮೂರೆಳೆಯ ರಚನೆ ತಿಳಿಯದಿದ್ದಲ್ಲಿ ಅರ್ಥವಾಗುತ್ತಿರಲಿಲ್ಲ. ತಂದೆತಾಯಿಗಳಿಬ್ಬರೂ ಆರೋಗ್ಯವಂತರಾಗಿದ್ದು ಮಗುವಿನಲ್ಲಿಯೇ ಹೊಸದಾಗಿ ಈ ಬದಲಾವಣೆ ಉಂಟಾಗುವುದೂ ಸಾಮಾನ್ಯವಾಗಿದ್ದು, ಇದಕ್ಕೆ ತಾಯಿಯ ಆಹಾರವನ್ನಾಗಲಿ ನಡವಳಿಕೆಯನ್ನಾಗಲಿ ದೂಷಿಸುವುದು ಸರಿಯಲ್ಲ.

ಕೊಲಾಜೆನ್‌ನ ಇತರ ಬಗೆಗಳಲ್ಲಿ ದೋಷವುಂಟಾದಾಗ ಬೇರೆ ಅಂಗಗಳು ತೊಂದರೆಗೊಳಗಾಗುತ್ತವೆ. ಮೂರನೆಯ ಬಗೆಯದು ಕೆಟ್ಟಲ್ಲಿ ರಕ್ತನಾಳಗಳು ಒಡೆಯುವ ಅಪಾಯವಿದೆ. ನಾಲ್ಕನೆಯ ಬಗೆಯದು ಕೆಟ್ಟಲ್ಲಿ ಮೂತ್ರಪಿಂಡ ಮತ್ತು ಶ್ರವಣಶಕ್ತಿಗೆ ಹಾನಿಯಾಗುತ್ತದೆ. ಸ್ಕರ್ವಿ ರೋಗದ ಕಾರಣವೂ ಇದೇ ಹುರಿಯಲ್ಲಿದೆ. ಕೊಲಾಜೆನ್‌ನಲ್ಲಿರುವ ಪ್ರೋಲೀನ್ ಎಂಬ ಅಮೈನೋ ಆಮ್ಲ ಹೈಡ್ರಾಕ್ಸಿಪ್ರೋಲೀನ್ ಆಗಿ ಮಾರ್ಪಡಲು ಸಿ ಜೀವಸತ್ವ ಬೇಕು. ನಿಂಬೆ, ನೆಲ್ಲಿ, ಸೀಬೆ ಮುಂತಾದವುಗಳಿಂದ ಅದು ದೊರೆಯದಿದ್ದಲ್ಲಿ ಹುರಿಯು ಶರೀರದ ಉಷ್ಣತೆಯಲ್ಲಿ ಗಟ್ಟಿಯಾಗಿ ನಿಲ್ಲದೆ ಒಸಡುಗಳಲ್ಲಿ ರಕ್ತ ಬರುತ್ತದೆ. ಹೈಡ್ರಾಕ್ಸಿಪ್ರೋಲೀನ್ ಈ ಬಲವನ್ನು ಕೊಡುವ ಬಗೆಯನ್ನು ಕುರಿತು 1973ರಲ್ಲಿ ರಾಮಚಂದ್ರನ್ ಮತ್ತು ಸಂಗಡಿಗರು ನೀರಿನ ಅಣುಗಳನ್ನು ಆಧರಿಸಿದ ವಿವರಣೆಯನ್ನು ಮುಂದಿಟ್ಟರು. ಅದಷ್ಟೇ ಸಾಲದೆಂದು ನಂತರದ ಸಂಶೋಧನೆಗಳು ತಿಳಿಸಿವೆ.

ಪ್ರೋಟೀನಿನ ಒಂದೇ ಘಟಕ ಬದಲಾಗಿ ರೋಗ ಬರಬಹುದೆಂಬುದು ಮೊದಲು ತಿಳಿದುದು ಕುಡುಗೋಲು ಕಣ ರಕ್ತಹೀನತೆಯಿಂದ. 1949ರಲ್ಲಿ ಪೌಲಿಂಗ್ ಮತ್ತು ಸಂಗಡಿಗರು ಹಿಮೋಗ್ಲೋಬಿನ್ ಅಣುವಿನಲ್ಲಿಯೇ ವ್ಯತ್ಯಾಸವಿದೆಯೆಂದು ತೋರಿಸಿದರು. ಕೆಲವು ವರ್ಷಗಳ ನಂತರ ವೆರ್ನಾನ್ ಇಂಗ್ರಾಂ ಆ ವ್ಯತ್ಯಾಸ ಒಂದೇ ಅಮೈನೋ ಆಮ್ಲದ್ದೆಂದು ಕಂಡುಹಿಡಿದರು. ಕರ್ನಾಟಕದ ಮೈಸೂರು, ಚಾಮರಾಜನಗರ, ಕೊಡಗು ಭಾಗಗಳ ಆದಿವಾಸಿ ಸಮುದಾಯಗಳಲ್ಲಿಯೂ ಈ ಕಾಯಿಲೆ ಇದೆ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಗುರುತಿಸಿರುವ 21 ಬಗೆಗಳಲ್ಲಿ ಇದೂ ಸೇರಿದೆ.

ಮರಳಿ ಬೆಂಗಳೂರಿಗೆ

ಮದರಾಸಿನಲ್ಲಿದ್ದಾಗ ರಾಮಚಂದ್ರನ್ ಅವರಿಗೆ 1961ರಲ್ಲಿ ಭೌತವಿಜ್ಞಾನಕ್ಕಾಗಿ ಶಾಂತಿಸ್ವರೂಪ್ ಭಟ್ನಾಗರ್ ಪಾರಿತೋಷಕ ದೊರೆಯಿತು. 1963 ಮತ್ತು 1967ರಲ್ಲಿ ಅವರು ಏರ್ಪಡಿಸಿದ ಅಂತರರಾಷ್ಟ್ರೀಯ ವಿಚಾರಗೋಷ್ಠಿಗಳಿಗೆ ಈ ಕ್ಷೇತ್ರದ ಪ್ರಮುಖರು ಬಂದಿದ್ದರು. ಮುದಲಿಯಾರ್ ಅವರು 1969ರಲ್ಲಿ ನಿವೃತ್ತರಾದರು. ಮರುವರ್ಷ ರಾಮಚಂದ್ರನ್ ಅವರೂ ಮದರಾಸನ್ನು ಬಿಟ್ಟರು. ಭಾರತೀಯ ವಿಜ್ಞಾನ ಸಂಸ್ಥೆಯ ಅಂದಿನ ನಿರ್ದೇಶಕರಾಗಿದ್ದ ಪ್ರೊ. ಸತೀಶ್ ಧವನ್ ಅವರ ಆಹ್ವಾನದ ಮೇರೆಗೆ ಬೆಂಗಳೂರಿಗೆ ಬಂದು, ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಎಂಬ ಹೊಸ ಘಟಕವನ್ನು ಕಟ್ಟಿದರು. ಅಮೆರಿಕದ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿಯೂ ಕೆಲಕಾಲ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು.

1971ರಲ್ಲಿ ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಪ್ರಕಟಿಸಿದ ಲೇಖನವೊಂದು ಬೇರೊಂದು ದಿಕ್ಕಿನದು. ಒಂದು ವಸ್ತುವನ್ನು ಹಲವು ಕೋನಗಳಿಂದ ತೆಗೆದ ನೆರಳು ಚಿತ್ರಗಳಿಂದ ಅದರ ಒಳಗಿನ ರೂಪವನ್ನು ಕಡಿಮೆ ಶ್ರಮದಲ್ಲಿ ಲೆಕ್ಕ ಹಾಕುವ ಗಣಿತ ವಿಧಾನ ಅದರಲ್ಲಿದೆ. ಆಸ್ಪತ್ರೆಗಳ ಸಿ.ಟಿ. ಸ್ಕ್ಯಾನ್ ಯಂತ್ರಗಳ ಲೆಕ್ಕಾಚಾರದಲ್ಲಿ ಈ ಬಗೆಯ ವಿಧಾನ ವ್ಯಾಪಕವಾಗಿ ಬಳಕೆಗೆ ಬಂದಿತು.

ಬೆಂಗಳೂರಿನ ಘಟಕವು ಅವರ ಕಾಲದ ನಂತರವೂ ಬೆಳೆಯಿತು. ಆಕ್ಸ್‌ಫರ್ಡ್‌ನಲ್ಲಿ ಡೊರೊಥಿ ಹಾಜ್‌ಕಿನ್ ಅವರೊಡನೆ ಇನ್ಸುಲಿನ್ ರಚನೆಯ ಕಾರ್ಯದಲ್ಲಿ ಭಾಗವಹಿಸಿದ್ದ ಎಂ. ವಿಜಯನ್ ಅವರು ಇಲ್ಲಿಗೆ ಬಂದು ಪ್ರೋಟೀನು ಸ್ಫಟಿಕಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದರು. 1994ರಲ್ಲಿ ಕಡಲೆಕಾಯಿಯಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನಿನ ರಚನೆ ಈ ಘಟಕದಿಂದ ಪ್ರಕಟವಾಯಿತು. ನಂತರ ಕ್ಷಯರೋಗದ ಸೂಕ್ಷ್ಮಾಣುವಿನ ಹಲವು ಪ್ರೋಟೀನುಗಳ ರಚನೆಯನ್ನು ಇಲ್ಲಿ ಬಿಡಿಸಲಾಗಿದೆ. ಸೂಕ್ಷ್ಮಾಣುವಿನ ಪ್ರೋಟೀನಿನಲ್ಲಿ ಔಷಧಿ ಹೋಗಿ ಕೂರಬಹುದಾದ ಪೊಟರೆ ಎಲ್ಲಿದೆಯೆಂದು ಹುಡುಕಲು ಇಂತಹ ಮಾಹಿತಿ ಅಗತ್ಯ.

ಕೊನೆಯ ವರ್ಷಗಳು

1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ಅವರಿಗೆ ಲಭಿಸಿತು. ನಿವೃತ್ತಿಯ ನಂತರ ಅವರು ತರ್ಕಶಾಸ್ತ್ರ ಮತ್ತು ಗಣಿತದ ತಾತ್ವಿಕ ವಿಷಯಗಳ ಕಡೆಗೆ ತಿರುಗಿದರು. ಪಾರ್ಕಿನ್ಸನ್ ಕಾಯಿಲೆ ಅವರನ್ನು ಕ್ರಮೇಣ ಆವರಿಸಿತು. 1998ರಲ್ಲಿ ಪತ್ನಿ ರಾಜಲಕ್ಷ್ಮಿ ಅವರು ತೀರಿಕೊಂಡ ಮೇಲೆ ಅವರ ಆರೋಗ್ಯ ಇನ್ನಷ್ಟು ಕುಂದಿತು. ಮಿದುಳಿನ ಜೀವಕೋಶಗಳಲ್ಲಿ ಆಲ್ಫಾ ಸೈನ್ಯೂಕ್ಲೀನ್ ಎಂಬ ಪ್ರೋಟೀನು ತನ್ನ ಸಹಜ ರೂಪವನ್ನು ಬಿಟ್ಟು ಗಂಟುಗಟ್ಟುವುದಕ್ಕೂ ಈ ಕಾಯಿಲೆಗೂ ಇರುವ ಸಂಬಂಧ 1997ರಲ್ಲಷ್ಟೇ ಬೆಳಕಿಗೆ ಬಂದಿತ್ತು. ಪ್ರೋಟೀನುಗಳ ರೂಪವನ್ನು ಅರಿಯುವುದಕ್ಕೇ ಆಯುಷ್ಯವನ್ನು ಸವೆಸಿದವರಿಗೆ ಕೊನೆಯಲ್ಲಿ ಬಂದದ್ದೂ ಪ್ರೋಟೀನಿನ ರೂಪ ಕೆಡುವ ಕಾಯಿಲೆಯೇ.

1999ರಲ್ಲಿ ಅಂತರರಾಷ್ಟ್ರೀಯ ಸ್ಫಟಿಕವಿಜ್ಞಾನ ಒಕ್ಕೂಟವು ತನ್ನ ಅತ್ಯುನ್ನತ ಗೌರವವಾದ ಎವಾಲ್ಡ್ ಪಾರಿತೋಷಕವನ್ನು ಅವರಿಗೆ ನೀಡಿತು. 2001ನೇ ಇಸವಿ ಏಪ್ರಿಲ್ 7ರಂದು ಚೆನ್ನೈನಲ್ಲಿ, ತಮ್ಮ 78ನೇ ವಯಸ್ಸಿನಲ್ಲಿ ಅವರು ನಿಧನರಾದರು. ಕಾಂಗರೂವಿನ ಸ್ನಾಯುರಜ್ಜುವನ್ನು ಒದಗಿಸಿದ್ದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು ಚೆನ್ನೈನಲ್ಲಿರುವ ತನ್ನ ಸಭಾಂಗಣಕ್ಕೆ ಟ್ರಿಪಲ್ ಹೆಲಿಕ್ಸ್ ಎಂದು ಹೆಸರಿಟ್ಟಿದೆ.